ಜಾವಕದಕ್ಕ ಹಾಕಿದ ಸಹಿ

“ಆ ಮನೇಲಿ ಕಥೆ ಬರೆಯೋರು ಅವರು, ಕಥೆ ನಡೆಸೋಳು ಇವಳು” ಎಂದು ಬೀದಿಯವರು ಹೇಳುತ್ತಿದ್ದರು. ಇನ್ನೂ ಸ್ವಲ್ಪ ಬಾಯಿ ಜೋರಿನವರು, “ಸಾಹಿತಿಗಳಿಗೆ ತಮ್ಮ ಮನೆ ಯಾವುದು ಅಂತ ಗೊತ್ತಿರೋದೇ ಅನುಮಾನ. ಇವಳು ಬಾಗಿಲಲ್ಲಿ ನಿಂತಿರ್ತಾಳಲ್ಲ, ಆ ಗುರುತು ಹಿಡಿದು ಒಳಗೆ ಹೋಗ್ತಾರೆ” ಎನ್ನುತ್ತಿದ್ದರು. ಪಕ್ಕದ ಮನೆಯ ಹೊಲಿಗೆಯಾಕೆಯಂತೂ ಗಂಡನಿಗೆ ಸಿಟ್ಟು ಬಂದಾಗಲೆಲ್ಲ ಗೋಡೆಯ ಕಡೆ ಕೈ ತೋರಿಸಿ, “ನೋಡಿ ಕಲೀರಿ, ಆ ಮನೇಲಿ ಒಂದು ದಿನ ಪಾತ್ರೆ ಬಿದ್ದ ಸದ್ದು ಕೇಳಿದೀರಾ?” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು ಜಾವಕದಕ್ಕ ಎಂದು. ಹೆಸರು ಬಂದದ್ದು ಕೆಲಸದಿಂದ. ನೀರು ಸರಬರಾಜು ಕಚೇರಿಯಲ್ಲಿ ಹೊರಗೆ ಹೋಗುವ ಪತ್ರಗಳ ವಿಭಾಗಕ್ಕೆ ಜಾವಕ ಎನ್ನುತ್ತಾರೆ. ಅಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಅಂಟಿನ ಡಬ್ಬಿ, ಮೊಹರು, ದಪ್ಪ ರಟ್ಟಿನ ವಹಿ ಇಟ್ಟುಕೊಂಡು ಅವಳು ಮೂವತ್ತೊಂದು ವರ್ಷ ಕೂತಿದ್ದಳು. ಸಾಹೇಬರ ಕೋಣೆಯಿಂದ ಬಂದ ಕಾಗದವನ್ನು ಹಿಡಿದರೆ ಕಣ್ಣು ಮೊದಲು ‘ವಿಷಯ’ ಎಂಬ ಸಾಲಿಗೆ ಹೋಗಬೇಕು. ಆಮೇಲೆ ವಿಳಾಸ, ದಿನಾಂಕ, ಜೊತೆಗಿಟ್ಟ ಹಾಳೆಗಳ ಲೆಕ್ಕ. ಒಳಗಿನ ಒಕ್ಕಣೆ ಅವಳದಲ್ಲ. ಅದನ್ನು ಓದುತ್ತ ಕೂತರೆ ದಿನಕ್ಕೆ ನೂರು ಕಾಗದ ಹೊರಡುವುದು ಯಾವಾಗ? ಹೊಸದಾಗಿ ಬಂದ ಹುಡುಗಿಯೊಬ್ಬಳು ಒಮ್ಮೆ ಪತ್ರ ಪೂರ್ತಿ ಓದಿ ಕಣ್ಣೀರು ಹಾಕುತ್ತಿದ್ದಾಗ ಜಾವಕದಕ್ಕ ಅವಳ ಕೈಯಿಂದ ಕಾಗದ ಕಸಿದು, “ಅಳೋದಕ್ಕೆ ಬೇರೆ ವಿಭಾಗ ಇದೆ ಕಣಮ್ಮ, ನಾವು ಅಂಟು ಹಚ್ಚೋರು” ಎಂದಿದ್ದಳಂತೆ. ಅವಳ ಕೈ ದಾಟಿ ಹೋದ ಒಂದು ಪತ್ರವೂ ವಿಳಾಸ ತಪ್ಪಿ ವಾಪಸು ಬರಲಿಲ್ಲ.

ಇನ್ನು ಅವಳ ಗಂಡ. ಊರಿಗೆಲ್ಲ ಅವರು ಸಾಹಿತಿಗಳು. ಹದಿನಾಲ್ಕು ಪುಸ್ತಕ, ಎರಡು ಪಠ್ಯದಲ್ಲಿ. ನಲವತ್ತೆಂಟನೆಯ ವಯಸ್ಸಿಗೆ ಅವರ ಬಲಗೈ ನಡುಗಲು ಶುರುವಾಯಿತು. ವೈದ್ಯರು, “ಇದರಿಂದ ಪ್ರಾಣಕ್ಕೇನೂ ಆಗಲ್ಲ, ಆದರೆ ಇದು ಹೋಗೋದೂ ಇಲ್ಲ” ಎಂದರು. ಅಂದಿನಿಂದ ಅವರು ಹೇಳುವುದು, ಇವಳು ಬರೆಯುವುದು. ಅದರಲ್ಲಿ ಗುಟ್ಟೇನಿರಲಿಲ್ಲ, ಹೇಳಿ ಬರೆಸುವುದು ಸಾಹಿತಿಗಳ ರೂಢಿ ಎಂದು ಜನ ತಿಳಿದಿದ್ದರು. ಗುಟ್ಟು ಇದ್ದದ್ದು ಸಹಿಯಲ್ಲಿ. ಒಬ್ಬ ಓದುಗನಿಗೆ ಉತ್ತರ ಬರೆಸಿ ಸಹಿ ಹಾಕಲು ಹೋದವರು ಮಸಿ ಚೆಲ್ಲಿ ಪೆನ್ನು ಬಿಸುಟರು. “ತನ್ನಿ ಇಲ್ಲಿ” ಎಂದು ಇವಳು ಇನ್ನೊಂದು ಹಾಳೆ ತೆಗೆದು, ಅವರ ಹೆಸರನ್ನು ಅವರ ಹಾಗೇ ಎಳೆದಳು. ಅವರು ಕನ್ನಡಕ ಏರಿಸಿ ನೋಡಿದರು.

“ಇವಳೇ, ಇದು ನನ್ನದಕ್ಕಿಂತ ಹೆಚ್ಚು ನನ್ನದರ ಹಾಗಿದೆಯಲ್ಲೇ!”

ಇಬ್ಬರೂ ನಕ್ಕರು. ನಕ್ಕದ್ದು ಅಭ್ಯಾಸವಾಯಿತು, ಅಭ್ಯಾಸ ಪದ್ಧತಿಯಾಯಿತು. “ಯಾರಿಗೂ ತಿಳಿಯೋದು ಬೇಡ. ಕೈ ನಡುಗೋ ಬರಹಗಾರ ಅಂದ್ರೆ ಮಾತೂ ನಡುಗುತ್ತೆ ಅಂದ್ಕೋತಾರೆ” ಎಂದು ಅವರು ಒಮ್ಮೆ ಹೇಳಿದ್ದು ಅವಳಿಗೆ ಸಾಕಾಯಿತು. ಸಭೆಗಳಲ್ಲಿ ಅವರು ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುವರು. ಪುಸ್ತಕಕ್ಕೆ ಸಹಿ ಕೇಳಿದರೆ, “ಬಿಟ್ಟು ಹೋಗಿ, ನಾಳೆ ತಗೊಳ್ಳಿ” ಎನ್ನುವರು. ಮನೆಗೆ ಯಾರಾದರೂ ಕಾಗದ ತಂದರೆ ಜಾವಕದಕ್ಕ ಅದನ್ನು ಒಳಕೋಣೆಗೆ ಒಯ್ದು, ಬೀರುವಿನ ಹಲಗೆಯ ಮೇಲಿಟ್ಟು ಸಹಿ ಎಳೆಯುತ್ತ, ಹೊರಗಿದ್ದವರಿಗೆ ಕೇಳುವಂತೆ “ಇಲ್ಲಿ ಅಲ್ಲ ರೀ, ಕೆಳಗೆ ಹಾಕಿ, ಕೆಳಗೆ” ಎಂದು ಖಾಲಿ ಕೋಣೆಗೆ ಬುದ್ಧಿ ಹೇಳುವಳು. ಸಾಹಿತಿಗಳು ಆಗ ಸದ್ದಿಲ್ಲದೆ ಹಿತ್ತಲಿಗೆ ಸರಿದಿರುತ್ತಿದ್ದರು. ಇಪ್ಪತ್ತೆರಡು ವರ್ಷ ಇದು ನಡೆಯಿತು. ಮುನ್ನುಡಿಗಳು, ಶಿಫಾರಸುಗಳು, ಸಂತಾಪಗಳು, ಓದುಗರ ಪತ್ರಗಳು. ಅವಳು “ಏನು ಬಂದಿದೆ ನೋಡಿ” ಎಂದರೆ ಅವರು “ನೀನೇ ಹಾಕು” ಎನ್ನುವರು.

ಒಂದು ವಿಷಯದಲ್ಲಿ ಮಾತ್ರ ಸಾಹಿತಿಗಳು ಕಬ್ಬಿಣ. ಚುನಾವಣೆ ಬಂತೆಂದರೆ ಊರಿನ ಬರಹಗಾರರೆಲ್ಲ ಒಬ್ಬೊಬ್ಬರ ವೇದಿಕೆ ಹತ್ತುತ್ತಿದ್ದರು. ಇಂಥವರಿಗೇ ಮತ ಹಾಕಿ ಎಂದು ಹೇಳಿಕೆ ಕೊಡುತ್ತಿದ್ದರು, ಗೆದ್ದಮೇಲೆ ಒಂದೊಂದು ಕುರ್ಚಿ ಹಿಡಿಯುತ್ತಿದ್ದರು. ಇವರ ಮನೆಗೂ ಎಲ್ಲ ಪಕ್ಷದವರೂ ಹೂಗುಚ್ಛ ಹಿಡಿದು ಬರುವರು. “ನನ್ನ ಓಟು ಯಾರಿಗೆ ಅಂತ ನನ್ನ ಹೆಂಡ್ತಿಗೇ ಹೇಳಿಲ್ಲ, ನಿಮಗೆ ಹೇಳ್ತೀನಾ?” ಎಂದು ಕಾಫಿ ಕೊಟ್ಟು ಕಳಿಸುವರು. ಹಾಗೆ ಕಳಿಸಿ ಕಳಿಸಿಯೇ ಅವರಿಗೊಂದು ತೂಕ ಬಂದಿತ್ತು. ಬೆಳಗ್ಗೆ ಸಾರ್ವಜನಿಕ ವಾಚನಾಲಯದ ಬೆಂಚಿನ ಮೇಲೆ ಅವರ ಪಕ್ಕ ಕೂರುವ ನಿವೃತ್ತ ಪ್ರೊಫೆಸರರು, “ನಮ್ಮಲ್ಲಿ ಮಾರಾಟಕ್ಕಿಲ್ಲದೆ ಉಳಿದಿರೋದು ಈ ಬೆಂಚು ಮತ್ತೆ ಇವರು” ಎಂದು ಎಲ್ಲರೆದುರು ಹೇಳುತ್ತಿದ್ದರು.

ಆ ವರ್ಷದ ಚುನಾವಣೆಗೆ ಹತ್ತು ದಿನ ಇತ್ತು. ಸಾಹಿತಿಗಳು ಜ್ವರ ಬಂದು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಬಾಗಿಲಲ್ಲಿ ಸ್ಕೂಟರಿನ ಸದ್ದಾಯಿತು. ಬಂದವನು ಅಚ್ಚಿನ ತಮ್ಮ. ಸಾಹಿತಿಗಳ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿದವನು ಅವನೇ. ಸ್ವಂತ ತಮ್ಮನಲ್ಲ, ಆದರೆ ಸ್ವಂತದವರಿಗಿಂತ ಹೆಚ್ಚು ಸಲ ಅವಳ ಕೈಯ ಊಟ ಉಂಡವನು.

“ಅಕ್ಕಾ, ಅಣ್ಣ ಎಲ್ಲಿ?”

“ಜ್ವರ, ಮಲಗಿದಾರೆ. ಏನೋ ನಿಂದು, ಗಾಡಿ ಆಫ್ ಮಾಡೋಕೂ ಪುರುಸೊತ್ತಿಲ್ವಾ?”

“ಇಲ್ಲಕ್ಕ, ಅಲ್ಲಿ ಮಷೀನು ಕಾಯ್ತಿದೆ. ವಾಚನಾಲಯದ ಗಲಾಟೆ ಗೊತ್ತಲ್ಲ, ಕೆಡವಿ ಅಂಗಡಿ ಸಾಲು ಮಾಡ್ತಾರಂತೆ. ಬರೆಯೋರೆಲ್ಲ ಸಹಿ ಹಾಕ್ತಿದಾರೆ. ಅಣ್ಣಂದಿಲ್ದೆ ಹೋದ್ರೆ ಮಿಕ್ಕೋರದ್ದು ಇದ್ದು ಏನು ಪ್ರಯೋಜನ?”

ಅವಳು ಕಾಗದ ತೆಗೆದುಕೊಂಡು ಒಳಗೆ ಹೋದಳು. ಎರಡು ಹಾಳೆ, ಮೂಲೆಯಲ್ಲಿ ಪಿನ್ನು. ವಿಷಯ: ಸಾರ್ವಜನಿಕ ವಾಚನಾಲಯವನ್ನು ಉಳಿಸಿಕೊಳ್ಳುವ ಬಗ್ಗೆ. ದಿನಾಂಕ ಸರಿಯಿತ್ತು. ಹಾಳೆಗಳು ಎರಡು, ಎರಡೂ ಇದ್ದವು. ಹಾಸಿಗೆಯ ಮೇಲೆ ಗಂಡನಿಗೆ ಆಗಷ್ಟೇ ನಿದ್ದೆ ಹತ್ತಿತ್ತು, ಬೆವರು ಬಿಟ್ಟು ಜ್ವರ ಇಳಿಯುತ್ತಿತ್ತು. ಎಬ್ಬಿಸಬೇಕೆ? ಎಬ್ಬಿಸಿದರೂ ಹೇಳುವುದು ‘ನೀನೇ ಹಾಕು’ ಎಂದೇ ಅಲ್ಲವೆ? ಹೊರಗೆ ಸ್ಕೂಟರು ಗುರುಗುಡುತ್ತಿತ್ತು. ಬೀರುವಿನ ಮೇಲಿಟ್ಟು ಹಾಕಿದಳು. ಆ ದಿನ “ಕೆಳಗೆ ಹಾಕಿ” ಎಂಬುದನ್ನೂ ಗಂಡನಿಗೆ ಎಚ್ಚರವಾದೀತೆಂದು ಮೆಲ್ಲಗೇ ಅಂದಳು.

ಕಾಗದ ಇಸಕೊಂಡ ಅಚ್ಚಿನ ತಮ್ಮ ಒಂದು ಕ್ಷಣ ನಿಂತ. “ಅಣ್ಣ ಪೂರ್ತಿ ಓದಿದ್ರಾ ಅಕ್ಕ?”

“ಓದದೆ ಹಾಕ್ತಾರಾ? ಹೋಗೋ ಮಾರಾಯ” ಎಂದಳು ಅವಳು.

ಮೂರನೆಯ ದಿನ ಬೆಳಗ್ಗೆ ಸಾಹಿತಿಗಳು ಗುಣವಾಗಿ, ಕೋಟು ಹಾಕಿಕೊಂಡು ವಾಚನಾಲಯಕ್ಕೆ ಹೊರಟರು. ಹತ್ತು ನಿಮಿಷಕ್ಕೆ ವಾಪಸು ಬಂದು ಹಜಾರದ ಕುರ್ಚಿಯಲ್ಲಿ ಕೂತರು. ಕೋಟು ಬಿಚ್ಚಲಿಲ್ಲ.

“ಇವಳೇ, ಜ್ವರದಲ್ಲಿ ನಾನೇನಾದ್ರೂ ಬಡಬಡಿಸಿದ್ನಾ?”

“ಇಲ್ವಲ್ಲ. ಯಾಕೆ?”

“ಬಸ್ ಸ್ಟಾಪಿನ ಗೋಡೆ ಮೇಲೆ ಬಡಬಡಿಸ್ತಾ ಇದೀನಿ. ಹೋಗಿ ನೋಡ್ಕೊಂಡು ಬಾ.”

ಅವಳು ಚಪ್ಪಲಿ ಮೆಟ್ಟಿ ಓಡಿದಳು. ಗೋಡೆಯ ಉದ್ದಕ್ಕೂ ಸಾಲಾಗಿ ಒಂದೇ ಪೋಸ್ಟರು. ಒಂದು ಕಡೆ ಬಸ್ಸುಗಳ ಮಾಲೀಕ, ಅಂದರೆ ಆ ಸಲದ ಅಭ್ಯರ್ಥಿ, ಕೈ ಮುಗಿದು ನಗುತ್ತಿದ್ದ. ಇನ್ನೊಂದು ಕಡೆ ಪುಸ್ತಕದ ಹಿಂಬದಿಯಿಂದ ತೆಗೆದ ಅವಳ ಗಂಡನ ಚಿತ್ರ. ‘ವಾಚನಾಲಯ ಉಳಿಸುವ ಮಾತು ಕೊಟ್ಟವರು ಇವರೊಬ್ಬರೇ. ನನ್ನ ಬೆಂಬಲ, ನನ್ನ ಮತ ಇವರಿಗೆ.’ ಅದರ ಕೆಳಗೆ ಸಹಿ, ಮಾರುದ್ದ ದೊಡ್ಡದು ಮಾಡಿ ಹಾಕಿದ್ದರು. ಕೊನೆಯ ಅಕ್ಷರದ ಬಾಲ ತುಸು ಗಿಡ್ಡವಾಗಿತ್ತು. ಸ್ಕೂಟರಿನ ಸದ್ದಿಗೆ ಅವಸರ ಮಾಡಿದ್ದು ಅವಳಿಗೆ ನೆನಪಿತ್ತು.

ಅಲ್ಲಿಂದಲೇ ಅಚ್ಚಿನ ಮನೆಗೆ ಹೋದಳು. ಮಷೀನಿನ ಸದ್ದಿನಲ್ಲಿ ಕೂಗಿ ಮಾತಾಡಬೇಕಾಯಿತು.

“ಎರಡನೇ ಹಾಳೇಲಿತ್ತಲ್ಲಕ್ಕ!” ಎಂದು ಅವನು ತನ್ನ ಪ್ರತಿ ತೆಗೆದು ತೋರಿಸಿದ. ಇತ್ತು. ಕೊನೆಯ ಪ್ಯಾರಾದಲ್ಲಿ, ಸ್ಪಷ್ಟವಾಗಿ. “ಅಣ್ಣ ಇಂಥದಕ್ಕೆ ಸಹಿ ಹಾಕೋರಲ್ವಲ್ಲ ಅಂತ ನನಗೂ ಆಶ್ಚರ್ಯ ಆಯ್ತು. ಅದಕ್ಕೇ ಕೇಳಿದ್ದು, ಓದಿದ್ರಾ ಅಂತ. ನೀವು ಹೂಂ ಅಂದ್ರಿ.”

“ವಾಪಸ್ ತಗೊಳೋಕೆ ಆಗಲ್ವೇನೋ?”

“ಹತ್ತು ಸಾವಿರ ಪೋಸ್ಟರು ಊರ ಗೋಡೆ ಸೇರಿಬಿಟ್ಟಿದೆಯಕ್ಕ. ನಾನೆಲ್ಲಿಂದ ವಾಪಸ್ ತರ್ಲಿ?”

ಮನೆಗೆ ಬಂದು ಗಂಡನ ಮುಂದೆ ನಿಂತು ಎಲ್ಲ ಹೇಳಿದಳು. ಕೂಗಾಡುತ್ತಾರೆ ಎಂದುಕೊಂಡಿದ್ದಳು, ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕಚೇರಿಯ ವಿಚಾರಣೆಯವರ ಹಾಗೆ ಒಂದೊಂದೇ ಕೇಳಿದರು.

“ಎಷ್ಟು ಹಾಳೆ ಇತ್ತು?”

“ಎರಡು.”

“ಎರಡನೇದು ಓದಲಿಲ್ಲ.”

“ಇಲ್ಲ.”

“ವಿಷಯ ನೋಡಿದೆ, ಹಾಳೆ ಎಣಿಸಿದೆ.”

“ಹೂಂ.”

ಅವರಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, “ಮೂವತ್ತೊಂದು ವರ್ಷ ನೀರಿನ ಕಚೇರಿ ನಿನಗೆ ಕಲಿಸಿದ್ದನ್ನ ನಾನು ಇಪ್ಪತ್ತೆರಡು ವರ್ಷ ಬಳಸ್ಕೊಂಡೆ. ಈಗ ಯಾರನ್ನ ಬಯ್ಯಲಿ, ಬಿಡು” ಎಂದರು. “ಒಂದು ನಿರಾಕರಣೆ ಬರ್ಕೋ. ಪತ್ರಿಕೆಗೆ ಕೊಟ್ಟು ಬರೋಣ.”

ಅವಳು ಬರೆದಳು. ನಾಲ್ಕೇ ಸಾಲು. ನಾನು ಯಾವ ಅಭ್ಯರ್ಥಿಯನ್ನೂ ಬೆಂಬಲಿಸಿಲ್ಲ, ನನ್ನ ಹೆಸರಿನಲ್ಲಿ ಬಂದಿರುವ ಹೇಳಿಕೆ ನನ್ನದಲ್ಲ. ಸಹಿಗೆಂದು ಅಭ್ಯಾಸದಂತೆ ಪೆನ್ನು ಎತ್ತಿದಾಗ ಅವರು ಅವಳ ಮಣಿಕಟ್ಟು ಹಿಡಿದರು. “ಇದೊಂದು ನಾನೇ ಹಾಕ್ತೀನಿ.”

ಹಾಕಿದರು. ಎರಡು ನಿಮಿಷ ಹಿಡಿಯಿತು. ಎರೆಹುಳು ಮಳೆಯಲ್ಲಿ ತೆವಳಿದ ಹಾಗೆ ಇತ್ತು.

ಪತ್ರಿಕಾ ಕಚೇರಿಯ ಸುದ್ದಿ ಸಂಪಾದಕ ಒಳ್ಳೆಯ ಮನುಷ್ಯ. ಚಿಕ್ಕಂದಿನಲ್ಲಿ ಸಾಹಿತಿಗಳ ಪಾಠ ಬಾಯಿಪಾಠ ಮಾಡಿದವನು. ಎದ್ದು ನಿಂತು ಕುರ್ಚಿ ಹಾಕಿದ, ಚಹಾ ತರಿಸಿದ. ಪತ್ರ ಓದಿದ. ಕೆಳಗಿನ ಸಹಿ ನೋಡಿ ಅವನ ಹುಬ್ಬು ಗಂಟಾಯಿತು. ಒಳಗಿನಿಂದ ಒಂದು ಕಡತ ತರಿಸಿದ. ಅದರಲ್ಲಿ ಸಾಹಿತಿಗಳು ಆ ಪತ್ರಿಕೆಗೆ ಬರೆದ ಕಾಗದಗಳಿದ್ದವು. ಇಪ್ಪತ್ತೆರಡು ವರ್ಷದ್ದು, ಎಲ್ಲದರ ಕೆಳಗೂ ಅಚ್ಚುಕಟ್ಟಾದ ಸಹಿ. ಬೆಂಬಲದ ಹೇಳಿಕೆಯ ಪ್ರತಿಯನ್ನೂ ಪಕ್ಕಕ್ಕಿಟ್ಟ.

“ಸಾರ್, ತಪ್ಪು ತಿಳೀಬೇಡಿ. ಆ ಹೇಳಿಕೆಯ ಸಹಿ ಇವೆಲ್ಲದರ ಹಾಗೇ ಇದೆ. ಇದು ಯಾವುದರ ಹಾಗೂ ಇಲ್ಲ. ನಾಳೆ ಇದನ್ನ ಹಾಕಿದ್ರೆ, ಬಸ್ಸಿನ ಮಾಲೀಕರ ಕಡೆಯೋರು ‘ಎದುರು ಪಕ್ಷದೋರು ನಕಲಿ ಪತ್ರ ಸೃಷ್ಟಿ ಮಾಡಿದಾರೆ’ ಅಂತ ನನ್ನ ಮೇಲೇ ಬರ್ತಾರೆ.”

“ನಕಲಿ ಹೇಗಾಗುತ್ತಪ್ಪ? ನಾನೇ ಎದುರಿಗೆ ಕೂತಿದೀನಿ.”

“ನನ್ನೆದುರು ಒಂದು ಸಲ ಹಾಕಿ ಸಾರ್.”

ಸಾಹಿತಿಗಳು ಜೇಬಿನಿಂದ ಕೈ ತೆಗೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೊರಗಿನವರೊಬ್ಬರು ಆ ಕೈ ನೋಡಿದರು. ಹಾಕಿದ ಸಹಿ ಹಾಳೆ ದಾಟಿ ಮೇಜಿನ ಮೇಲೂ ಹೋಯಿತು. ಸಂಪಾದಕ ತಲೆ ತಗ್ಗಿಸಿದ.

“ಯಾವಾಗಿಂದ ಸಾರ್ ಹೀಗೆ?”

“ಈಚೆಗೆ” ಎಂದರು ಸಾಹಿತಿಗಳು.

“ಹಾಗಾದ್ರೆ ಆ ಹೇಳಿಕೆಗೆ ಸಹಿ ಹಾಕಿದ್ದು ಯಾರು? ಅದೊಂದು ಹೇಳಿ. ಮೊದಲ ಪುಟದಲ್ಲಿ ಹಾಕ್ತೀನಿ, ಆಣೆ ಮಾಡಿ ಹೇಳ್ತೀನಿ.”

ಜಾವಕದಕ್ಕನ ಬಾಯಿ ತೆರೆಯಿತು. ‘ನಾನು’ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿತ್ತು. ಸಾಹಿತಿಗಳ ನಡುಗುವ ಕೈ ಮೇಜಿನ ಕೆಳಗೆ ಬಂದು ಅವಳ ಮೊಣಕಾಲನ್ನು ಒತ್ತಿತು. “ಗೊತ್ತಿಲ್ಲ” ಎಂದರು ಅವರು.

ದಾರಿಯಲ್ಲಿ ಅವಳು ಅತ್ತಳು. “ಹೇಳೋಕೆ ಬಿಡಬೇಕಿತ್ತು ರೀ. ನನಗೇನಾಗ್ತಿತ್ತು?”

“ಏನಾಗ್ತಿತ್ತು? ನಾಳೆ ಬೆಳಗ್ಗೆ ನಮ್ಮನೆ ಬಾಗಿಲಲ್ಲಿ ಪೊಲೀಸ್ನೋರು. ಆಮೇಲೆ ನೀನು ಹಾಕಿದ ಅಷ್ಟೂ ಕಾಗದ ಇಟ್ಕೊಂಡಿರೋರು. ಒಬ್ಬಳು ನನ್ನ ಉತ್ತರ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದಾಳಂತೆ, ಬರೆದಿದ್ಲಲ್ಲ. ಅವಳಿಗೇನು ಹೇಳ್ತೀಯ?”

“ಹಾಗಂತ ನಿಮ್ಮ ಹೆಸರು ಕೆಡಿಸ್ಕೋಬೇಕಾ?”

“ಹೆಸರು ನನ್ನೊಬ್ಬನದಾಗಿದ್ರೆ ತಾನೆ” ಎಂದು ಅವರು ಬೇಗ ಬೇಗ ನಡೆದರು.

ಆ ರಾತ್ರಿಯೂ ಮರುದಿನವೂ ಅವಳ ಮುಂದೆ ಇದ್ದದ್ದು ಒಂದೇ ದಾರಿ. ಅದೇ ನಾಲ್ಕು ಸಾಲು ಮತ್ತೆ ಬರೆದು, ಅಚ್ಚುಕಟ್ಟಾದ ಸಹಿ ಎಳೆದು ಬೇರೆ ಪತ್ರಿಕೆಗೆ ಕೊಟ್ಟರೆ ಅವರು ಕಣ್ಣುಮುಚ್ಚಿ ನಂಬುತ್ತಿದ್ದರು. ಒಮ್ಮೆ ಹಾಳೆ ಹರಡಿಕೊಂಡು ಕೂತೂ ಇದ್ದಳು. ಆದರೆ ಮಣಿಕಟ್ಟು ಹಿಡಿದು ‘ಇದೊಂದು ನಾನೇ’ ಎಂದವರನ್ನು ದಾಟಿ ಹೋಗಲು ಕೈ ಬರಲಿಲ್ಲ. ಅಲ್ಲದೆ, ಅವರು ಬೇಡವೆಂದ ಮೇಲೆ ಹಾಕಿದರೆ ಅದು ಮೊದಲ ಸುಳ್ಳು ಸಹಿಯಾಗುತ್ತಿತ್ತು. ಅದುವರೆಗಿನದು ಯಾವುದೂ ಅವಳಿಗೆ ಸುಳ್ಳೆನಿಸಿರಲಿಲ್ಲ.

ಆ ಹೇಳಿಕೆ, ಈ ನಿರಾಕರಣೆ ಎರಡನ್ನೂ ಪತ್ರಿಕೆ ಕೊನೆಗೆ ಒಳಪುಟದಲ್ಲಿ ಸಣ್ಣದಾಗಿ ಹಾಕಿತು: ‘ಬೆಂಬಲದ ಬಗ್ಗೆ ಹಿರಿಯ ಸಾಹಿತಿಯಿಂದ ಎರಡು ಮಾತು.’ ಬಸ್ಸುಗಳ ಮಾಲೀಕ ಅದಕ್ಕೆ ಬಹಳ ಗೌರವದಿಂದ ಉತ್ತರಿಸಿದ. “ಅವರು ನಮ್ಮೆಲ್ಲರ ಹಿರಿಯರು. ವಯಸ್ಸಾಗಿದೆ, ಯಾರೋ ಒತ್ತಡ ತಂದಿರಬಹುದು. ನನಗೆ ಬೇಸರವಿಲ್ಲ.” ಅವನು ಬಯ್ದಿದ್ದರೆ ನಾಲ್ಕು ಜನ ಇವರ ಪರ ನಿಲ್ಲುತ್ತಿದ್ದರು. ಅವನು ಕ್ಷಮಿಸಿಬಿಟ್ಟ. ಕ್ಷೌರದಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ಎಲ್ಲ ಕಡೆ ಅದೇ ಮಾತು. “ಮೊದಲು ಕುರ್ಚಿ ಕೇಳಿರ್ತಾರೆ, ಅವನು ಆಮೇಲೆ ನೋಡೋಣ ಅಂದಿರ್ತಾನೆ, ಇವರು ಉಲ್ಟಾ ಹೊಡೆದ್ರು” ಎಂದು ಒಬ್ಬ. “ಪಾಪ, ಮರೆವು” ಎಂದು ಇನ್ನೊಬ್ಬ. ಅವಳಿಗೆ ಆ ಪಾಪವೇ ಹೆಚ್ಚು ಚುಚ್ಚಿತು.

ವಾಚನಾಲಯದ ಪ್ರೊಫೆಸರರು ಮನೆಗೇ ಬಂದರು. ಕೂರಲಿಲ್ಲ. “ನಿಮಗೆ ಬೇಕಾದೋರಿಗೆ ಹಾಕಿ, ನಾನ್ಯಾರು ಕೇಳೋಕೆ. ಆದ್ರೆ ಮೂವತ್ತು ವರ್ಷ ಒಂದೇ ಬೆಂಚು. ಗೋಡೆ ನೋಡಿ ತಿಳ್ಕೋಬೇಕಾಯ್ತಲ್ಲ ನಾನು.” ಪ್ರೊಫೆಸರರು ಚಹಾ ಬೇಡವೆಂದು ಹೊರಟಾಗ ಜಾವಕದಕ್ಕ ಬಾಗಿಲವರೆಗೆ ಹೋದಳು. ‘ಹೇಳಿಬಿಡಲೇ’ ಎಂದು ತಿರುಗಿ ಗಂಡನ ಮುಖ ನೋಡಿದಳು. ಅವರು ಕಣ್ಣಲ್ಲೇ ಬೇಡ ಎಂದರು.

ಬಸ್ಸುಗಳ ಮಾಲೀಕ ಗೆದ್ದ. ಹೇಳಿದ ಮಾತೂ ನಡೆಸಿದ. ವಾಚನಾಲಯ ಉಳಿಯಿತು, ಸುಣ್ಣಬಣ್ಣ ಕಂಡಿತು, ಹೊಸ ಫ್ಯಾನುಗಳು ಬಂದವು. ಸಾಹಿತಿಗಳು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಗೆದ್ದ ವಾರಕ್ಕೆ ಪಕ್ಕದ ಮನೆಯ ಹೊಲಿಗೆಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. ಗಂಡನಿಗೆ ಹೊಟ್ಟೆಯ ಆಪರೇಷನ್ನು ಆಗಬೇಕು, ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಎಂದು ಮೂರು ಸಲ ತಿರುಗಿಸಿ ಕಳಿಸಿದ್ದರು.

“ಅಕ್ಕ, ನಿಮ್ಮೋರೇ ಗೆದ್ದಿದಾರಲ್ಲ. ಯಜಮಾನರ ಕೈಲಿ ಒಂದು ಚೀಟಿ ಬರೆಸಿಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನಮ್ಮೋರಲ್ಲ ಕಣೇ...” ಎಂದು ಶುರು ಮಾಡಿದಳು. ಆದರೆ ಎದುರಿಗಿದ್ದವಳ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟಳು. ಒಳಗೆ ಹೋಗಿ ಗಂಡನ ಮುಂದೆ ನಿಂತಳು. ಚೀಟಿ ಕೊಟ್ಟರೆ ಪೋಸ್ಟರು ನಿಜವಾಗುತ್ತದೆ. ಕೊಡದಿದ್ದರೆ ಗೋಡೆಯಾಚೆ ಒಬ್ಬ ಮನುಷ್ಯ ನರಳುತ್ತಾನೆ. ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನರಳುವುದು ಅಲ್ಲಿಗೇ ಕೇಳಿಸುತ್ತಿತ್ತು.

“ಹಾಕು” ಎಂದರು ಸಾಹಿತಿಗಳು, ಕಿಟಕಿಯ ಕಡೆ ನೋಡುತ್ತ.

“ಆಮೇಲೆ ಇದು ನಿಲ್ಲಲ್ಲ ರೀ.”

“ಗೊತ್ತು. ಹಾಕು.”

ಬೆಳಗ್ಗೆ ಕೊಟ್ಟ ಚೀಟಿಗೆ ಮಧ್ಯಾಹ್ನ ಹಾಸಿಗೆ ಸಿಕ್ಕಿತು. ಹೊಲಿಗೆಯಾಕೆಯ ಗಂಡ ಗುಣವಾಗಿ ನಡೆದಾಡಿದ. ಬೀದಿಗೆಲ್ಲ ಸುದ್ದಿಯಾಯಿತು. ಆಮೇಲೆ ದಿನವೂ ಬಾಗಿಲಲ್ಲಿ ಜನ. ವರ್ಗಾವಣೆ, ಶಾಲೆಯ ಸೀಟು, ನಲ್ಲಿ, ಮೀಟರು. ಎಲ್ಲರಿಗೂ ನಿಜವಾದ ಕಷ್ಟ. ಯಾರಿಗೆ ಹಾಕಿ ಯಾರಿಗೆ ಬಿಡುವುದು? ಅವಳು ಈಗ ಪ್ರತಿ ಕಾಗದವನ್ನೂ ಮೊದಲಿನಿಂದ ಕೊನೆಯವರೆಗೆ, ಎರಡೆರಡು ಸಲ ಓದುತ್ತಿದ್ದಳು. ಓದಿ ಓದಿ ಎದೆ ಭಾರವಾಗಿ ಎಲ್ಲದಕ್ಕೂ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಜನ ಹೋದ ಮೇಲೆ ಹಳೆಯ ಹಾಗೆ ಕಾಗದ ಪೆನ್ನು ತಂದು, “ಕಥೆ ಅರ್ಧಕ್ಕೆ ನಿಂತಿದೆಯಲ್ಲ, ಬರ್ಕೊಳ್ಳಲಾ?” ಎಂದಳು.

“ಏನು ಬರ್ಕೋತೀಯ? ನಾನು ಹೇಳಿದ್ದು ಅಂತ ಯಾರು ನಂಬ್ತಾರೆ?” ಎಂದರು ಅವರು. ಸಿಟ್ಟಿರಲಿಲ್ಲ. “ಈಚೆಗೆ ಏನಾದ್ರೂ ಹೊಳೆದ್ರೆ ನನಗೇ ಅನುಮಾನ, ಇದು ನಂದಾ ಅಂತ.”

ಆವತ್ತು ಅವಳು ಊರು ಬಿಡುವ ನಿರ್ಧಾರ ಮಾಡಿದಳು. ಬೇರೆ ಊರಿನಲ್ಲಿ ಅವರ ತಂಗಿಯ ಮನೆಯ ಹತ್ತಿರ ಎರಡು ಕೋಣೆ ಖಾಲಿಯಿತ್ತು. ನಾದಿನಿಗೆ ಫೋನು ಮಾಡಿ, “ಅಲ್ಲಿ ಯಾರಿಗಾದ್ರೂ ನಿಮ್ಮಣ್ಣ ಗೊತ್ತಾ?” ಎಂದು ಕೇಳಿದಳು. “ಇಲ್ಲಿ ಯಾರು ಕಥೆ ಓದ್ತಾರೆ ಅತ್ತಿಗೆ, ನನ್ನ ಗಂಡನೇ ಓದಿಲ್ಲ” ಎಂದಳು ಅವಳು. ಅಷ್ಟು ಸಾಕಾಯಿತು. ಸಾಹಿತಿಗಳು ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಪುಸ್ತಕಗಳನ್ನು ಡಬ್ಬಕ್ಕೆ ತುಂಬುವಾಗ ಬಂದು ಪಕ್ಕದಲ್ಲಿ ಕೂತು, ಎಡಗೈಯಲ್ಲಿ ಒಂದೊಂದೇ ಎತ್ತಿ ಕೊಟ್ಟರು.

ಹೊರಡುವ ಬೆಳಗ್ಗೆ ಸಾಮಾನಿನ ಲಾರಿ ಮುಂದೆ ಹೋಗಿತ್ತು, ಕಾರು ಬಾಗಿಲಲ್ಲಿ ನಿಂತಿತ್ತು. ಸಾಹಿತಿಗಳು ಆಗಲೇ ಹೋಗಿ ಕೂತಿದ್ದರು. ಅಚ್ಚಿನ ತಮ್ಮ ಹಿಂದಿನ ದಿನವೇ ಬಂದು ಡಬ್ಬಗಳಿಗೆಲ್ಲ ಹಗ್ಗ ಬಿಗಿದು ಹೋಗಿದ್ದ. ಪ್ರೊಫೆಸರರು ಬರಲಿಲ್ಲ. ಜಾವಕದಕ್ಕ ಕೋಣೆ ಕೋಣೆ ನೋಡಿ, ಕಿಟಕಿಗಳ ಚಿಲಕ ಹಾಕಿ, ಬೀಗ ಹಾಕಿ, ಮನೆಯ ಮಾಲೀಕರಿಗೆ ತಲುಪಿಸಲು ಬೀಗದ ಕೈಯನ್ನು ಹೊಲಿಗೆಯಾಕೆಗೆ ಕೊಟ್ಟಳು.

“ನಿಮ್ಮಿಂದ ನನ್ನ ತಾಳಿ ಉಳೀತು ಅಕ್ಕ” ಎಂದು ಅವಳು ಅತ್ತಳು. “ಇಂಥ ಒಳ್ಳೇ ದಿನ ಬಂದಾಗ ಯಾಕೆ ಊರು ಬಿಡ್ತೀರ? ಯಜಮಾನರ ಒಂದು ಮಾತಿಗೆ ಈಗ ಎಷ್ಟು ಬೆಲೆ!”

“ಗಂಡನ್ನ ಭಾರ ಎತ್ತೋಕೆ ಬಿಡಬೇಡ ಕಣೇ, ಹೊಟ್ಟೆಯ ಹೊಲಿಗೆ ಇನ್ನೂ ಹಸಿ” ಎಂದು ಜಾವಕದಕ್ಕ ಅವಳ ತಲೆ ನೇವರಿಸಿ ಮೆಟ್ಟಿಲಿಳಿದಳು.

ಗೇಟಿನ ಹತ್ತಿರ ಯಾರೋ ಒಬ್ಬ ನಡುವಯಸ್ಸಿನವನು ಕಾಗದ ಮಡಿಚಿ ಹಿಡಿದು ನಿಂತಿದ್ದ. ದೂರದಿಂದ ಬಂದಂತಿತ್ತು, ಚಪ್ಪಲಿಯ ತುಂಬ ಧೂಳು. ಕಾರು ನೋಡಿ, ಬೀಗ ನೋಡಿ, ಅವನಿಗೆ ಅರ್ಥವಾಯಿತು. ಕೇಳಲೋ ಬೇಡವೋ ಎಂದು ಕಾಗದವನ್ನು ಸ್ವಲ್ಪವೇ ಮುಂದೆ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡ. ಅವಳು ನಿಂತಳು. ಕೈ ಚಾಚಿದರೆ ಓದಬೇಕಾಗುತ್ತದೆ, ಓದಿದರೆ ಹಾಕಬೇಕಾಗುತ್ತದೆ. ಮಡಿಸಿದ ಕಾಗದವನ್ನು ನೋಡುತ್ತಲೇ ಅವನ ಪಕ್ಕದಿಂದ ಹಾದು ಹೋಗಿ ಕಾರಿನ ಬಾಗಿಲು ತೆಗೆದಳು.

ಸಾಹಿತಿಗಳು ಸರಿದು ಕೂತರು. “ಜಾಗ ಸಾಕಾ?” ಎಂದು ಕೇಳಿದರು.

“ಸಾಕು” ಎಂದಳು. ಕಾರು ಹೊರಟಿತು.